ಅರವತ್ತೆರಡು ಕಿವಿ ಓಲೆ

೧೨ ನವೆಂಬರ್ ೨೦೨೪, ಮಂಗಳವಾರ

ಮೈಯೆಲ್ಲ ಕುರಿ ವಾಸನೆ. ಎರಡು ಸಲ ಸೋಪು ಹಾಕಿ ತೊಳೆದರೂ ಹೋಗಿಲ್ಲ. ಅತ್ತೆ ಅಡುಗೆಮನೆ ಹೊಸ್ತಿಲಾಚೆಯೇ ನಿಲ್ಲಿಸಿ ಕಾಫಿ ಕೊಟ್ಟರು. ನಾನು ಊರಿನ ದನ ಕುರಿ ನೋಡುವ ಪಶುಸಖಿ ಆಗಿ ಎರಡು ವರ್ಷವಾಯಿತು, ಅವರ ಮೂಗಿಗೆ ಮಾತ್ರ ಇನ್ನೂ ಒಗ್ಗಿಲ್ಲ.

ಇವತ್ತು ಹುಲ್ಲು ಕಾವಲಿನ ಅಂಚಿನ ಹಟ್ಟಿಯಲ್ಲಿ, ಮುದ್ದಪ್ಪಣ್ಣನ ಕುರಿ ರೊಪ್ಪದಲ್ಲಿ ಕೆಲಸ. ಎರಡು ತಿಂಗಳಲ್ಲಿ ಅವರ ನಾಲ್ಕು ಕುರಿಗಳು ದಿನ ತುಂಬುವ ಮೊದಲೇ ಸತ್ತ ಮರಿ ಹಾಕಿವೆ. ಗಬ್ಬ ಕಳೆಯುವ ಕಂದು ರೋಗವಿರಬಹುದು ಎಂದು ನಮ್ಮ ಡಾಕ್ಟರ್ ಶರಣ್ಯಾ ಮೇಡಂಗೆ ಅನುಮಾನ. ಅರವತ್ತೆರಡು ಹೆಣ್ಣು ಕುರಿಗಳಿಗೂ ಅವರು ರಕ್ತ ತೆಗೆದರು. ನಾನು ಒಂದೊಂದರ ಕಿವಿಗೂ ಹಳದಿ ಪ್ಲಾಸ್ಟಿಕ್ ಓಲೆ ಹಾಕಿ ನಂಬರ್ ಬರೆದೆ. ರಕ್ತದ ಕೊಳವೆಯ ಮೇಲೂ ಅದೇ ನಂಬರ್. ಹಿಡಿದುಕೊಟ್ಟ ಸಾಲಿನಲ್ಲೇ ಒಂದರಿಂದ ಅರವತ್ತೆರಡು.

ಮುದ್ದಪ್ಪಣ್ಣನಿಗೆ ಇದೊಂದೂ ಹಿಡಿಸಲಿಲ್ಲ. "ಕುರಿ ಎಣಿಸ್ಬಾರ್ದು ಕಣಮ್ಮ. ಎಣಿಸಿದ್ರೆ ಕರಗ್ತವೆ. ನಮ್ಮಪ್ಪ ಸಾಯಗಂಟ ಎಣಿಸ್ಲಿಲ್ಲ" ಎಂದರು. "ಮತ್ತೆ ಒಂದು ಕಡಿಮೆ ಆದರೆ ಹೇಗೆ ಗೊತ್ತಾಗುತ್ತೆ?" ಎಂದೆ. "ಮನೇಲಿ ಮಗ ಊಟಕ್ಕೆ ಬರ್ಲಿಲ್ಲ ಅಂದ್ರೆ ಎಣಿಸಿ ನೋಡ್ತೀಯೇನು?" ಎಂದು ತಿರುಗಿಸಿ ಕೇಳಿದರು. ಮಾತಿಗೇನೂ ಕಡಿಮೆಯಿಲ್ಲ. ಕುರಿ ಹಿಡಿದು ಕೊಡುವುದಕ್ಕೆ ಮಾತ್ರ ಆಮೆ ನಡಿಗೆ. ಹತ್ತಿರ ನಿಂತದ್ದನ್ನು ಬಿಟ್ಟು ಮೂಲೆಯಲ್ಲಿದ್ದದ್ದನ್ನು ಹುಡುಕಿಕೊಂಡು ಹೋಗುತ್ತಾರೆ. ಬಿಸಿಲಿಗೆ ನನ್ನ ತಲೆ ಸಿಡಿಯುತ್ತಿತ್ತು.

ಓಲೆ ಬರೆಯುವ ಪೆನ್ನಿನ ಮುಚ್ಚಳ ಹಾಕದೆ ಇಟ್ಟು ಒಣಗಿಸಿದ್ದೆ. ಅಜ್ಜಂಪುರದ ಪುಸ್ತಕದಂಗಡಿಯಲ್ಲಿ ಮಾಮೂಲಿ ಕಪ್ಪು ಮಾರ್ಕರ್ ತಂದು ಅದರಲ್ಲೇ ಬರೆದೆ. ಬರೆಯುವುದು ಬರೆಯುವುದೇ ತಾನೆ. ತೂತಿಗೆ ನೊಣ ಕೂತು ಹುಳ ಆಗಬಾರದೆಂದು ಎಲ್ಲಕ್ಕೂ ಬೇವಿನೆಣ್ಣೆ ಹಚ್ಚಿದೆ. ನಮ್ಮ ಮಗಳಿಗೆ ಕಿವಿ ಚುಚ್ಚಿಸಿದಾಗ ಅತ್ತೆ ಹಚ್ಚಿದ್ದು ಹಾಗೆಯೇ. ಇಷ್ಟು ಕಾಳಜಿ ಇನ್ಯಾರು ತಗೊಳ್ಳುತ್ತಾರೆ ಅನ್ನಿಸಿತು.

ಮುದ್ದಪ್ಪಣ್ಣನ ಸೊಸೆ ಮಾಳಮ್ಮನಿಗೆ ಐದು ತಿಂಗಳು. ಹಿಂದೆ ಎರಡು ಸಲ ಬಸಿರು ನಿಂತು ಇಳಿದುಹೋಗಿದೆ. ಗಂಡ ತಿಪ್ಪೇಶ್ ಹಿರಿಯೂರಿನ ಕಡೆ ಜೆಸಿಬಿ ಓಡಿಸುತ್ತಾನೆ. ರೊಪ್ಪದಲ್ಲಿ ಕುರಿ ಈಯುವಾಗ ಮರಿ ಎಳೆಯುವುದೆಲ್ಲ ಅವಳೇ. ಕೈ ಸಣ್ಣದು. ರಿಪೋರ್ಟ್ ಬರುವವರೆಗೂ ಈದ ಕುರಿಯ ಮಾಸು, ರಕ್ತ ಏನೂ ಮುಟ್ಟಬೇಡ, ಕಂದು ರೋಗ ಮನುಷ್ಯರಿಗೂ ಹತ್ತುತ್ತೆ, ಬಸುರಿಗಂತೂ ಅಪಾಯ ಎಂದು ಮೇಡಂ ಎರಡೆರಡು ಸಲ ಹೇಳಿದರು. ಅವಳು ಹೊಟ್ಟೆ ಮೇಲೆ ಸೆರಗು ಎಳೆದುಕೊಂಡು ದೂರ ಹೋಗಿ ನಿಂತಳು.

೨೩ ನವೆಂಬರ್, ಶನಿವಾರ

ಓಲೆಗಳ ಮೇಲೆ ಏನೂ ಇಲ್ಲ.

ಹುಣ್ಣು ಮಾಯ್ದಿದೆಯೋ ನೋಡೋಣ ಎಂದು ಹೋಗಿದ್ದೆ. ಮೊದಲನೆಯದರ ಕಿವಿ ಹಿಡಿದು ನೋಡಿದೆ, ಖಾಲಿ ಹಳದಿ ಬಿಲ್ಲೆ. ಎರಡನೆಯದು, ಹತ್ತನೆಯದು, ಎಲ್ಲವೂ ಹಾಗೆಯೇ. ಬೇವಿನೆಣ್ಣೆಗೂ ಬಿಸಿಲಿಗೂ ಮಸಿ ಕರಗಿ ಹೋಗಿದೆ. ಹತ್ತೋ ಹನ್ನೆರಡೋ ಓಲೆಗಳಲ್ಲಿ ಒಂದು ಗೀಟು, ಅರ್ಧ ಸೊನ್ನೆ ಉಳಿದಿದೆ. ತರಬೇತಿಯಲ್ಲಿ ಹೇಳಿದ್ದರು, ಓಲೆಗೆ ಜಿಡ್ಡು ತಾಗಬಾರದು, ಹಾಕುವ ಮೊದಲೇ ಬರೆದು ಒಣಗಿಸಿಟ್ಟುಕೊಳ್ಳಬೇಕು ಎಂದು. ಆ ಅಂಗಡಿಯವನು ಎಂಥ ಮಾರ್ಕರ್ ಕೊಟ್ಟನೋ ಹಾಳಾದವನು.

ಯಾರಿಗೂ ಹೇಳಿಲ್ಲ. ಈ ಕೆಲಸಕ್ಕೆ ಸೇರುವಾಗ ಇವರ ಮನೆಯಲ್ಲಿ ಎಷ್ಟು ಮಾತು ಕೇಳಿದ್ದೇನೆ. ಈಗ ಊರಲ್ಲಿ ನಡೆದು ಹೋದರೆ ಗಂಡಸರೂ ನಿಲ್ಲಿಸಿ, ಕೋಮಲಮ್ನೋರೆ ನಮ್ಮ ಹಸ ನೋಡ್ರಿ ಅನ್ನುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಒಂದು ಮಾರ್ಕರಿಗೆ ಹೋದರೆ?

೨೫ ನವೆಂಬರ್, ಸೋಮವಾರ

ನಿನ್ನೆಯೆಲ್ಲ ಯೋಚಿಸಿ ಇವತ್ತು ಬೆಳಗಿನ ಬಸ್ಸಿಗೆ ಕಡೂರಿಗೆ ಹೋಗಿ ಸರಿಯಾದ ಪೆನ್ನು, ಸ್ಪಿರಿಟ್, ಹತ್ತಿ ತಂದೆ. ಮಧ್ಯಾಹ್ನ ರೊಪ್ಪಕ್ಕೆ ಹೋದೆ. ಒಂದೊಂದು ಓಲೆಯನ್ನೂ ಸ್ಪಿರಿಟ್ಟಿನಲ್ಲಿ ಒರೆಸಿ, ಒಣಗಿಸಿ, ಒಂದು ಸಲ ಬರೆದು, ಆರಿದ ಮೇಲೆ ಅದೇ ಗೀಟಿನ ಮೇಲೆ ಇನ್ನೊಂದು ಸಲ ತಿದ್ದಿದೆ. ಅಂಕಿ ದಪ್ಪ, ಕಪ್ಪಗೆ, ಹತ್ತು ಅಡಿ ದೂರದಿಂದ ಓದಬಹುದು.

ಯಾವುದಕ್ಕೆ ಯಾವ ನಂಬರ್ ಎಂದರೆ, ನನ್ನ ಪುಸ್ತಕದಲ್ಲಿ ಪ್ರತಿ ನಂಬರಿನ ಮುಂದೆ ವಯಸ್ಸು ತಿಳಿಯಲೆಂದು ಹಲ್ಲು ಎಷ್ಟು ಅಂತ ಬರೆದಿದ್ದೆ. ಎರಡು ಹಲ್ಲು, ನಾಲ್ಕು ಹಲ್ಲು, ಹಲ್ಲು ತುಂಬಿ ಬಾಯಿ ಕೂಡಿದ್ದು. ಅದನ್ನು ನೋಡಿ ಹೊಂದಿಸಿದೆ. ನಾಲ್ಕು ಹಲ್ಲಿನವೇ ಹದಿನೆಂಟಿದ್ದವು. ಒಂದೊಂದು ಗುಂಪಿನೊಳಗೂ ಯಾವುದು ಯಾವುದೋ ತಿಳಿಯದೆ ಅಂದಾಜಿನ ಮೇಲೆ ಬರೆದೆ. ರಿಪೋರ್ಟಿನಲ್ಲಿ ಏನೂ ಇಲ್ಲ ಅಂತ ಬಂದರೆ ಯಾವ ನಂಬರ್ ಯಾವುದಕ್ಕಿದ್ದರೇನು? ಏನೂ ಇರುವುದಿಲ್ಲ. ಹೋದ ಬೇಸಿಗೆಯ ಒಣಮೇವಿಗೆ ಕುರಿಗಳು ಸೊರಗಿದ್ದವು, ಅದಕ್ಕೇ ಕಂದು ಹಾಕಿರುತ್ತವೆ.

ಮುದ್ದಪ್ಪಣ್ಣ ಕಂಬಳಿ ಹೊದ್ದು ಪಕ್ಕದಲ್ಲಿ ನಿಂತಿದ್ದರು. "ಅಳಿಸೋಗಿದ್ದನ್ನ ಮತ್ತೆ ಬರೀತಿದ್ದೀಯಲ್ಲ, ಯಾವ್ದು ಯಾವ್ದು ಅಂತ ನಿಂಗೆ ಗೊತ್ತೈತಾ?" ಎಂದು ಕೇಳಿದರು.

"ಎಲ್ಲಾ ಪುಸ್ತಕದಲ್ಲಿದೆ" ಎಂದೆ.

ಪುಸ್ತಕದಲ್ಲಿ ಅರ್ಧ ಇದೆ. ಅರ್ಧ ಸುಳ್ಳೇನೂ ಅಲ್ಲ.

೨೯ ನವೆಂಬರ್, ಶುಕ್ರವಾರ

ರಿಪೋರ್ಟ್ ಬಂತು. ಆರು ಕುರಿಗಳಿಗೆ ಕಂದು ರೋಗ. ನಂಬರ್ ಒಂಬತ್ತು, ಹದಿನಾಲ್ಕು, ಇಪ್ಪತ್ತೇಳು, ಮೂವತ್ತಮೂರು, ನಲವತ್ತು, ಐವತ್ತೆಂಟು.

ಮೇಡಂ ಫೋನಿನಲ್ಲಿ ಓದುತ್ತಿದ್ದಂತೆ ಬರೆದುಕೊಂಡೆ. ಎರಡು ಸಲ ಕೇಳಬೇಕಾಯಿತು. "ಓಲೆ ಓದೋ ಹಾಗಿದೆ ತಾನೆ ಕೋಮಲಾ?" ಎಂದರು. "ಚೆನ್ನಾಗಿದೆ ಮೇಡಂ" ಎಂದೆ. ಅಷ್ಟು ಹೊತ್ತಿಗೇ ಹೇಳಿಬಿಡಬೇಕಿತ್ತು. ನಾಳೆ ಹೇಳುತ್ತೇನೆ.

೨ ಡಿಸೆಂಬರ್, ಸೋಮವಾರ

ಹೇಳಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಮೇಡಂ ಬಂದರು. ಕಾವಲಿನಂಚಿನಲ್ಲಿ ಆಳದ ಗುಂಡಿ ತೆಗೆಸಿ ಸುಣ್ಣ ತರಿಸಿದ್ದರು. ಕಸಾಯಿಗೆ ಮಾರಿದರೆ ರೋಗ ಇನ್ನೊಂದು ಊರಿಗೆ ಹೋಗುತ್ತೆ, ಇಲ್ಲೇ ಇಂಜೆಕ್ಷನ್ ಕೊಟ್ಟು ಹೂಳಬೇಕು ಎಂದು ಒಂದು ಗಂಟೆ ಹೊತ್ತು ಕೂತು ಮುದ್ದಪ್ಪಣ್ಣನನ್ನು ಒಪ್ಪಿಸಿದರು. ಮಾಳಮ್ಮನ ಹೊಟ್ಟೆಯಲ್ಲಿರುವ ಕೂಸಿನ ಮಾತು ಬಂದ ಮೇಲೆ ಅವರು ಹೂಂ ಎಂದರು.

ನಾನೇ ನಂಬರ್ ಓದಿ ಓದಿ ಬೇರೆ ಮಾಡಿದೆ. ಆರೂ ನಿಂತ ಮೇಲೆ ಮುದ್ದಪ್ಪಣ್ಣ ಹತ್ತಿರ ಬಂದು ಒಂದೊಂದನ್ನೂ ತಡವಿದರು. "ಕಂದು ಹಾಕಿದ್ದು ಇವಲ್ಲ ಕಣಮ್ಮ. ಆ ನಾಕೂ ಅಲ್ಲೇ ನಿಂತವೆ ನೋಡು. ಇವು ಗಟ್ಟಿ ಕುರಿ. ಎಲ್ಲಾ ತುಂಬಿದ ಗಬ್ಬ" ಎಂದರು.

ಮೇಡಂ ನನ್ನ ಮುಖ ನೋಡಿದರು. ಮೈಯಲ್ಲಿ ರೋಗವಿದ್ದೂ ಮೇಲೆ ಗಟ್ಟಿಯಾಗಿ ಕಾಣುವ ಕುರಿಗಳು ಇರುತ್ತವೆ ಎಂದು ಅವರೇ ವಿವರಿಸಿದರು. ಕಂದು ಹಾಕುವುದಕ್ಕೆ ಬೇರೆ ನೂರು ಕಾರಣ ಇರಬಹುದು ಎಂದೂ ಹೇಳಿದರು. ನಾನು ಪುಸ್ತಕದೊಳಗೆ ಮುಖ ಹಾಕಿಕೊಂಡಿದ್ದೆ. ಮುದ್ದಪ್ಪಣ್ಣ ಇಪ್ಪತ್ತೇಳರ ಓಲೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. "ಹೋಗ್ಲಿ ಬುಡು. ಬರ್ದಿದ್ದು ಸುಳ್ಳಾಗಾಕಿಲ್ವಲ್ಲ" ಎಂದು ತಾವೇ ಗುಂಡಿಯ ಕಡೆ ಹೊಡೆದುಕೊಂಡು ಹೋದರು.

ಮುಗಿದ ಮೇಲೆ ಮೇಡಂ ಮಾಳಮ್ಮನನ್ನು ಕರೆದು, "ಇನ್ನು ನೀನು ರೊಪ್ಪಕ್ಕೆ ಹೋಗಬಹುದಮ್ಮ. ಉಳಿದದ್ದಕ್ಕೆ ರೋಗ ಇಲ್ಲ" ಎಂದರು. ಅವಳ ಮುಖ ಅರಳಿತು. ಆ ಅರಳಿದ ಮುಖವನ್ನು ನೋಡಿಕೊಂಡೂ ನಾನು ಬಾಯಿ ಬಿಡಲಿಲ್ಲ.

೩ ಡಿಸೆಂಬರ್

ಊಟ ಸೇರುತ್ತಿಲ್ಲ. ಜ್ವರ ಅಂತ ಹೇಳಿದ್ದೇನೆ.

೫ ಡಿಸೆಂಬರ್, ಗುರುವಾರ

ಕಡೂರಿನಲ್ಲಿ ತರಬೇತಿ. ಮೂರು ತಾಲ್ಲೂಕಿನ ಪಶುಸಖಿಯರು ಸೇರಿದ್ದರು. ಮುದ್ದಪ್ಪಣ್ಣನ ಕುರಿಗಳ ಓಲೆಯ ಫೋಟೋ ಮೇಡಂ ಎಲ್ಲರಿಗೂ ತೋರಿಸಿ, "ಕೋಮಲಾ ಬರೆದ ಹಾಗೆ ಬರೆದರೆ ಮೂರು ವರ್ಷ ಹೋಗಲ್ಲ. ಹೇಗೆ ಅಂತ ಅವರೇ ಹೇಳಿಕೊಡ್ತಾರೆ" ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

ಹೇಳಿಕೊಟ್ಟೆ. ಓಲೆಯನ್ನು ಬರಿಗೈಯಲ್ಲಿ ಹಿಡಿಯಬೇಡಿ, ಕೈ ಜಿಡ್ಡಿರುತ್ತೆ. ಕಿವಿಗೆ ಹಾಕುವ ಮೊದಲೇ ಬರೆಯಿರಿ. ಕಿವಿಯ ಕೂದಲು ಮುಚ್ಚದ ಹಾಗೆ ಅಂಕಿ ಕೆಳಭಾಗದಲ್ಲಿರಲಿ. ನೆರಳಲ್ಲಿ ಅರ್ಧ ಗಂಟೆ ಆರಲಿ, ಆಮೇಲೆ ಎರಡನೇ ಸಲ ತಿದ್ದಿ. ಓಲೆಯ ಎರಡೂ ಮುಖಕ್ಕೆ ಬರೆಯಿರಿ, ಒಂದು ಸವೆದರೆ ಇನ್ನೊಂದು ಉಳಿಯುತ್ತೆ. ಎಣ್ಣೆ ಹಚ್ಚಲೇಬೇಕಾದರೆ ತೂತಿಗೆ ಮಾತ್ರ, ಹತ್ತಿಯಲ್ಲಿ. ಎಲ್ಲರೂ ಬರೆದುಕೊಂಡರು. ಹಿಂದಿನ ಬೆಂಚಿನ ಒಬ್ಬಳು ಎದ್ದು, "ಒಂದ್ಸಲ ಬರ್ದಿದ್ದು ತಪ್ಪಾಗಿದ್ರೆ ಅಳ್ಸದು ಹೆಂಗೆ ಮೇಡಂ?" ಎಂದು ನನ್ನನ್ನೇ ಕೇಳಿದಳು.

"ತಪ್ಪು ಬರೀಬಾರದು" ಎಂದೆ. ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ಬರುವ ದಾರಿಯಲ್ಲಿ ಬೀರೂರು ದಾಟುವವರೆಗೂ ಕಿಟಕಿಗೆ ಮುಖ ಮಾಡಿ ಅತ್ತೆ. ಪಕ್ಕದವಳು ಯಾರಾದರೂ ತೀರಿಕೊಂಡರಾ ಎಂದು ಕೇಳಿದಳು.

೬ ಡಿಸೆಂಬರ್, ಶುಕ್ರವಾರ

ಇನ್ನೊಂದು ಕುರಿ ಕಂದು ಹಾಕಿದೆ. ಸತ್ತ ಮರಿ ಅರ್ಧ ಬಂದು ಸಿಕ್ಕಿಕೊಂಡಿತ್ತಂತೆ, ಮಾಳಮ್ಮನೇ ಎಳೆದಿದ್ದಾಳೆ. ಬರಿಗೈಯಲ್ಲಿ. ಮಾಸನ್ನೂ ಅವಳೇ ಎತ್ತಿ ಹಾಕಿದ್ದಾಳೆ.

ನನಗೆ ಫೋನ್ ಮಾಡಿದವಳೂ ಅವಳೇ. "ಅಕ್ಕ, ಡಾಕ್ಟ್ರು ರೋಗ ಇಲ್ಲ ಅಂದಿದ್ರಲ್ಲ, ಮತ್ಯಾಕೆ ಇಂಗಾಯ್ತು? ಬಿಸಿಲಿಗಾ?" ಎಂದು ಕೇಳಿದಳು. "ಸೋಪಿನಲ್ಲಿ ಕೈ ತೊಳ್ಕೊ, ಚೆನ್ನಾಗಿ ತೊಳ್ಕೊ ಮಾಳಮ್ಮ" ಎಂದು ಕೂಗಿದೆ. "ತೊಳ್ಕಂಡೆ ಕಣಕ್ಕ, ಯಾಕಂಗೆ ಕೂಗ್ತೀರಿ?" ಎಂದಳು.

ಸಂಜೆ ರೊಪ್ಪಕ್ಕೆ ಓಡಿದೆ. ಸ್ಪಿರಿಟ್ ಸೀಸೆ ಸೆರಗಿನಲ್ಲಿತ್ತು. ಓಲೆಗಳ ಮೇಲಿನ ನಂಬರೆಲ್ಲ ಒರೆಸಿಬಿಟ್ಟು, ಮತ್ತೆ ಅಳಿಸಿಹೋಗಿದೆ, ಇನ್ನೊಂದು ಸಲ ಎಲ್ಲಕ್ಕೂ ರಕ್ತ ತೆಗೆಯೋಣ ಅನ್ನುವುದು ನನ್ನ ಉಪಾಯ. ನನ್ನ ಹೆಸರಿಗೂ ಧಕ್ಕೆಯಿಲ್ಲ, ರೋಗದ ಕುರಿಗಳೂ ಸಿಗುತ್ತವೆ. ಒಂದು ಓಲೆಯನ್ನು ಸ್ಪಿರಿಟ್ ಹಾಕಿ ಉಗುರು ಸವೆಯುವಷ್ಟು ಉಜ್ಜಿದೆ. ಅಂಕಿ ಕದಲಲಿಲ್ಲ. ಕುರಿ ಕಿವಿ ಕೊಡವಿಕೊಂಡು ಹೋಯಿತು.

೭ ಡಿಸೆಂಬರ್, ಶನಿವಾರ

ಇವರಿಗೆ ಹೇಳಿದೆ. ವೆಲ್ಡಿಂಗ್ ಅಂಗಡಿಯಿಂದ ಊಟಕ್ಕೆ ಬಂದಿದ್ದರು. ಕಲಸಿದ ಅನ್ನ ಹಾಗೇ ಬಿಟ್ಟು ಕೇಳಿದರು. ಬೈಯುತ್ತಾರೆ ಅಂದುಕೊಂಡಿದ್ದೆ.

"ಹೇಳ್ಬ್ಯಾಡ ಸುಮ್ನಿರು. ಆರು ಕುರಿ ಹೋದ್ವು, ಹೋದ್ವು. ಈಗ ಹೇಳಿದ್ರೆ ಊರೋರು ನಮ್ಮನ್ನ ನಿಲ್ಸಿ ಕೇಳ್ತಾರೆ. ಇನ್ನೊಂದು ಹದಿನೈದು ದಿನಕ್ಕೆ ಎಲ್ಲಾ ಮರ್ತೋಗ್ತದೆ" ಎಂದರು.

ನನ್ನ ಗಂಡ ಓಂಕಾರೇಶ್ ಕೆಟ್ಟವರಲ್ಲ. ನಾನು ಹದಿನೈದು ದಿನದಿಂದ ನನಗೇ ಹೇಳಿಕೊಂಡ ಮಾತನ್ನೇ ಅವರೂ ಹೇಳಿದರು. ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಎಂಥ ಮಾತು ಎಂದು ತಿಳಿಯಿತು. ಮಾಳಮ್ಮ ಇವತ್ತೂ ರೊಪ್ಪದಲ್ಲಿದ್ದಾಳೆ. ರೋಗದ ಕುರಿಗಳು ಅಲ್ಲೇ ಇವೆ, ಯಾವುದಾದರೂ ಇವತ್ತೋ ನಾಳೆಯೋ ಈಯುತ್ತೆ, ಅವಳು ಕೈ ಹಾಕುತ್ತಾಳೆ. ಅವಳನ್ನು ಅಲ್ಲಿಗೆ ಕಳಿಸಿದವಳು ನಾನು. ಅಂಗಡಿಯವನ ಮಾರ್ಕರ್ ಅಲ್ಲ, ಬಿಸಿಲಲ್ಲ, ಎಣ್ಣೆಯೂ ಅಲ್ಲ.

೮ ಡಿಸೆಂಬರ್, ಭಾನುವಾರ

ಬೆಳಿಗ್ಗೆಯೇ ಮೇಡಂಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಮಾಳಮ್ಮನನ್ನ ಈಗಲೇ ಆಚೆ ಕರ್ಕೊಂಡು ಬನ್ನಿ. ನಾನು ಬರ್ತಿದ್ದೀನಿ" ಎಂದರು. ಹೆಸರು ಹಿಡಿದು ಕರೆಯಲಿಲ್ಲ.

ಹಟ್ಟಿಯಲ್ಲಿ ಮುದ್ದಪ್ಪಣ್ಣ ಒಲೆ ಮುಂದೆ ಮುದ್ದೆ ತಿರುವುತ್ತಿದ್ದರು. ಮಾಳಮ್ಮ ಬಾಗಿಲಲ್ಲಿ ಕೂತಿದ್ದಳು. ನಿಂತೇ ಹೇಳಿದೆ. ನಂಬರ್ ಅಳಿಸಿಹೋಗಿತ್ತು, ಅಂದಾಜಿನ ಮೇಲೆ ಬರೆದೆ, ಹೂತದ್ದು ಬೇರೆ ಆರು, ರೋಗದವು ಇನ್ನೂ ಇಲ್ಲೇ ಇವೆ. ಹೇಳುವುದಕ್ಕೆ ಇಷ್ಟು ದಿನ ಹಿಡಿಯಿತು, ಹೇಳಿ ಮುಗಿಸುವುದಕ್ಕೆ ಒಂದು ಉಸಿರು ಸಾಕಾಯಿತು. ಮಾಳಮ್ಮ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. ಆಮೇಲೆ ಅವನ್ನು ಎಲ್ಲಿಡಬೇಕೋ ತಿಳಿಯದವಳ ಹಾಗೆ ಗಾಳಿಯಲ್ಲೇ ಹಿಡಿದುಕೊಂಡಳು.

ಮುದ್ದಪ್ಪಣ್ಣ ಮುದ್ದೆ ಕೋಲು ಕೆಳಗಿಟ್ಟರು. "ಅವತ್ತು ಯಾವ್ಯಾವ್ದಕ್ಕೆ ಎಷ್ಟೆಷ್ಟು ಬರ್ದೆ ಅಂತ ನಂಗೆ ಗೊತ್ತಿಲ್ಲ. ಯಾವ್ದಾದ್ಮೇಲೆ ಯಾವ್ದು ಹಿಡ್ಕೊಟ್ಟೆ ಅಂತ ಗೊತ್ತೈತೆ" ಎಂದರು.

"ಅರವತ್ತೆರಡೂ?"

"ನಾವು ಸುಮ್ನೆ ಸಿಕ್ದಂಗೆ ಹಿಡಿಯಾಕಿಲ್ಲ ಕಣಮ್ಮ. ಕೂದ್ಲು ಕತ್ರಿಸುವಾಗ್ಲೂ, ಔಸ್ದಿ ಕುಡಿಸುವಾಗ್ಲೂ ಬಳ್ಳಿ ಹಿಡಿದು ಹೋಗದು. ಮೊದ್ಲು ತಾಯಿ, ಆಮೇಲೆ ಅವ್ಳ ದೊಡ್ಮಗ್ಳು, ಅವ್ಳ ಮಕ್ಳು, ಆಮೇಲೆ ಚಿಕ್ಮಗ್ಳು. ನಮ್ಮಪ್ಪನ ಕಾಲ್ದಿಂದ ಏಳು ಬಳ್ಳಿ ಅವೆ."

ಅವತ್ತು ಆಮೆ ನಡಿಗೆ ಅಂತ ನಾನು ಬೈದುಕೊಂಡದ್ದು ಇದನ್ನು.

ರೊಪ್ಪದ ಬೇಲಿಗೆ ಕೈಯೂರಿ ನಿಂತು ಅವರು ಹೆಸರು ಹೇಳುತ್ತಾ ಹೋದರು, ನಾನು ಎಣಿಸುತ್ತಾ ಹೋದೆ. ಎಣಿಸಬಾರದು ಎಂದವರು ಬಾಯಿ ಮುಚ್ಚಿ ಸಹಿಸಿಕೊಂಡರು. "ದೊಡ್ಗೌರಿ, ಅವ್ಳ ಮಗ್ಳು ಮೊಂಡ್ಕಿವಿ, ಅವ್ಳ ಮಗ್ಳು ಸಾದಿ…" ಒಂಬತ್ತಕ್ಕೆ ನಿಲ್ಲಿಸಿದೆ. ಅದು ಮೊನ್ನೆ ಕಂದು ಹಾಕಿದ ಕುರಿ. ಹದಿನಾಲ್ಕು ಮೊದಲೇ ಕಂದು ಹಾಕಿದ್ದು. ಇಪ್ಪತ್ತೇಳೂ, ನಲವತ್ತೂ, ಐವತ್ತೆಂಟೂ ಹಾಗೆಯೇ. ಮೂವತ್ತಮೂರು ಮಾತ್ರ ಇನ್ನೂ ಗಬ್ಬ. ಆ ನಾಲ್ಕೂ ಸಿಕ್ಕಿದವು, ಅವತ್ತು ಅವರು ಬೆರಳು ತೋರಿಸಿದ ಆ ನಾಲ್ಕು. ಒಂದು ಮಾತು ಅವರನ್ನು ಕೇಳಿದ್ದರೆ ಸಾಕಿತ್ತು. ಓದು ಬರದವರನ್ನು ಏನು ಕೇಳುವುದು ಅಂತ ನಾನು ಹಲ್ಲು ಎಣಿಸುತ್ತಾ ಕೂತೆ.

ಮುದ್ದಪ್ಪಣ್ಣ ಬೈಯಲಿಲ್ಲ. ಹೊರಡುವಾಗ ಮಾತ್ರ, "ನಂಗೆ ಗೊತ್ತಿತ್ತು ಕಣಮ್ಮ. ನನ್ ಕಣ್ಣು ಇವಲ್ಲ ಅಂತಿತ್ತು. ನಿನ್ ಬರವಣ್ಗೆ ಮುಂದೆ ನನ್ ಕಣ್ಣೇ ಸುಳ್ಳು ಅನ್ಕಂಡೆ" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

೧೨ ಡಿಸೆಂಬರ್, ಗುರುವಾರ

ಬೇರೆ ಮಾಡಿದ ಆರು ಕುರಿಗಳ ರಕ್ತ ಮತ್ತೆ ಕಳಿಸಿದ್ದರು. ಆರಕ್ಕೆ ಆರೂ ರೋಗ. ಮುದ್ದಪ್ಪಣ್ಣನ ಬಳ್ಳಿಯಲ್ಲಿ ಒಂದೂ ತಪ್ಪಿಲ್ಲ.

ಬ್ಯಾಗು, ಪುಸ್ತಕ, ಇಕ್ಕಳ ವಾಪಸ್ ಕೊಟ್ಟು ಬಂದೆ. ಪಶುಸಖಿಯರ ಪಟ್ಟಿಯಿಂದ ನನ್ನ ಹೆಸರು ತೆಗೆದಿದ್ದಾರೆ. ನಾಳೆ ಮಾಳಮ್ಮನನ್ನು ತರೀಕೆರೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಎಂಟೂಕಾಲಿನ ಬಸ್ಸು ಸಿಕ್ಕರೆ ಚೀಟಿ ಸಾಲಿನಲ್ಲಿ ಬೇಗ ನಿಲ್ಲಬಹುದು. ಅವಳಿಗೆ ಬಸ್ಸಿನಲ್ಲಿ ವಾಂತಿ ಬರುತ್ತೆ, ನಿಂಬೆಹಣ್ಣು ಇಟ್ಟುಕೊಳ್ಳಬೇಕು.

೧೩ ಡಿಸೆಂಬರ್, ಶುಕ್ರವಾರ

ರಕ್ತ ಕೊಟ್ಟೆವು. ಇಷ್ಟು ಬೇಗ ಗೊತ್ತಾಗುವುದಿಲ್ಲ, ಈಗೊಂದು ಸಲ, ಮೂರು ವಾರ ಬಿಟ್ಟು ಇನ್ನೊಂದು ಸಲ ನೋಡಬೇಕು ಎಂದರು. ನಡುವೆ ಜ್ವರ ಬಂದರೆ ತಕ್ಷಣ ಬರಬೇಕು. ಹೋಗಿ ಬರುವ ದಾರಿಯಲ್ಲಿ ಮಾಳಮ್ಮ ನನ್ನ ಜೊತೆ ಒಂದೂ ಮಾತಾಡಲಿಲ್ಲ. ನಿಂಬೆಹಣ್ಣು ಮಾತ್ರ ತಗೊಂಡಳು.

೨೨ ಡಿಸೆಂಬರ್

ಜ್ವರ ಇಲ್ಲ.

೨೪ ಡಿಸೆಂಬರ್

ಇವತ್ತೂ ಇಲ್ಲ. ದಿನಾ ಎರಡು ಹೊತ್ತು ಹೋಗಿ ಬಾಗಿಲಲ್ಲಿ ನಿಂತು ಕೇಳಿ ಬರುತ್ತೇನೆ. ನಾಯಿ ಕೂಡ ಬೊಗಳುವುದನ್ನು ಬಿಟ್ಟಿದೆ.

೧ ಜನವರಿ ೨೦೨೫, ಬುಧವಾರ

ನಿನ್ನೆ ಅವಳಿಗೆ ಸೊಂಟ ನೋವು ಎಂದರು. ಹಿಂದೆ ಎರಡು ಸಲವೂ ಹೀಗೇ ಶುರುವಾಗಿತ್ತಂತೆ. ತಿಪ್ಪೇಶ್ ಬಂದಿದ್ದಾನೆ. ನನ್ನನ್ನು ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬೇಲಿ ಪಕ್ಕದ ಕಲ್ಲಿನ ಮೇಲೆ ಮಧ್ಯಾಹ್ನದವರೆಗೂ ಕೂತಿದ್ದೆ. ದೇವರೇ, ನನಗೆ ಏನು ಬೇಕಾದರೂ ಮಾಡು, ಅವಳ ಕೂಸನ್ನು ಮುಟ್ಟಬೇಡ. ಹೀಗೆ ಕೇಳಿಕೊಳ್ಳುವ ಯೋಗ್ಯತೆ ನನಗಿಲ್ಲ ಅಂತ ಗೊತ್ತು. ಇನ್ನೇನು ಕೇಳಿಕೊಳ್ಳಲಿ?

೨ ಜನವರಿ

ನೋವು ನಿಂತಿದೆ.

೧೦ ಜನವರಿ, ಶುಕ್ರವಾರ

ಎರಡನೇ ಸಲ ರಕ್ತ ಕೊಟ್ಟು ಬಂದು ನಾಲ್ಕು ದಿನವಾಗಿತ್ತು. ಇವತ್ತು ತರೀಕೆರೆಯಲ್ಲಿ ರಿಪೋರ್ಟ್ ಕೊಟ್ಟರು. ಮಾಳಮ್ಮನಿಗೆ ಏನೂ ಇಲ್ಲ. ಸ್ಕ್ಯಾನ್ ಮಾಡಿದ ಡಾಕ್ಟರು ಕೂಸು ಚೆನ್ನಾಗಿದೆ, ಎದೆಬಡಿತ ಗಟ್ಟಿಯಾಗಿದೆ ಎಂದರು.

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತು ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವಳ ಕೈ ಹಿಡಿದು, "ದೇವರು ದೊಡ್ಡವನು ಕಣಮ್ಮ. ಸದ್ಯ ಏನೂ ಆಗಲಿಲ್ಲ" ಎಂದೆ.

ಅವಳು ಕೈ ಬಿಡಿಸಿಕೊಂಡಳು. ಅವತ್ತಿನಿಂದ ಇವತ್ತಿನವರೆಗೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು. "ಏನೂ ಆಗ್ಲಿಲ್ಲ ಅನ್ಬ್ಯಾಡ್ರಿ ಅಕ್ಕ. ನನ್ ಕೂಸು ಉಳೀತು. ಗುಂಡಿಗೆ ಹಾಕಿದ್ ಆ ಆರೂ ಗಬ್ಬದ್ ಕುರಿ. ಎರಡರ ಹೊಟ್ಟೇಲಿ ಮರಿ ಒದಿಯೋದು ನನ್ ಕೈಗೆ ಸಿಗ್ತಿತ್ತು. ನಿಮ್ಮ ಪುಸ್ತಕದಾಗೆ ಅವುಕ್ಕೆ ಏನಂತ ಬರ್ದಿದ್ದೀರಿ?"

ಒಂಬತ್ತು, ಹದಿನಾಲ್ಕು, ಇಪ್ಪತ್ತೇಳು ಎಂದು ಬರೆದಿದ್ದೆ. ಆ ನಂಬರೂ ಅವುಗಳದ್ದಲ್ಲ.

"ನಾನು ಹೇಳ್ತೀನಿ, ಬರ್ಕಳ್ಳಿ" ಎಂದಳು. ಚೀಲದಲ್ಲಿ ಈ ದಿನಚರಿಯೊಂದೇ ಇತ್ತು. ಅವಳು ನಿಧಾನವಾಗಿ ಹೇಳಿದಳು, ನಾನು ಮೊಣಕಾಲ ಮೇಲಿಟ್ಟುಕೊಂಡು ಬರೆದೆ.

ಸಂಕ್ರಾಂತಿ. ಹಬ್ಬದ ದಿನ ಹುಟ್ಟಿದ್ದು. ನಾಲ್ಕು ತಿಂಗಳ ಗಬ್ಬ.

ತುಂಡ್ಬಾಲಿ. ಚಿಕ್ಕದಿದ್ದಾಗ ನಾಯಿ ಕಚ್ಚಿತ್ತು. ನಾಲ್ಕೂವರೆ ತಿಂಗಳು.

ಕೆಂಗಣ್ಣಿ. ಯಾವಾಗಲೂ ಎರಡು ಮರಿ ಹಾಕುತ್ತಿತ್ತು.

ನೆತ್ತಿಬೊಟ್ಟು. ಕೆಂಗಣ್ಣಿಯ ಮಗಳು.

ಕಳ್ಳಿ. ಬೇಲಿ ಹಾರಿ ಅವರೆ ಹೊಲಕ್ಕೆ ಹೋಗುತ್ತಿತ್ತು. ನಾಲ್ಕೂವರೆ ತಿಂಗಳು.

ಆರನೆಯದಕ್ಕೆ ಪೆನ್ನು ಹಿಡಿದು ಕಾದೆ. "ಅದಕ್ಕಿನ್ನೂ ಹೆಸ್ರಿಕ್ಕಿರ್ಲಿಲ್ಲ ಅಕ್ಕ. ಚೊಚ್ಚಲು. ಮರಿ ಹಾಕ್ಲಿ, ಆಮೇಲೆ ಇಕ್ಕಾನ ಅಂತಿದ್ದೆ" ಎಂದಳು. ಅಷ್ಟರಲ್ಲಿ ಅಜ್ಜಂಪುರದ ಬಸ್ಸು ಬಂತು, ಹತ್ತಿದೆವು.